ಮಗಳ ಜವಳದ ಕೂದಲಲ್ಲಿ ಹುಳ ಬಿದ್ದಾಗ

ಮೈಲಾರಲಿಂಗನನ್ನು ಮನೆದೇವರೆಂದು ನಂಬಿ ನಡೆಯುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಗಾಜುವಾಕದಿಂದ ಬಸವರಾಜನ ಶರಣು. ನಿಮ್ಮೆಲ್ಲರ ಅನುಭವಗಳನ್ನು ಓದುತ್ತಾ ಬಂದವನು ನಾನು. ನನ್ನದನ್ನು ಬರೆಯಲು ಎರಡು ವರ್ಷ ಹಿಂಜರಿದೆ. ಇದರಲ್ಲಿ ದೇವರ ಕೃಪೆ ಎಷ್ಟಿದೆಯೋ ನನ್ನ ಕೆಟ್ಟತನವೂ ಅಷ್ಟೇ ಇದೆ, ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಸುಳ್ಳಾಗುತ್ತದೆ.

2006ರ ಶ್ರಾವಣದಲ್ಲಿ ನನ್ನ ಆರು ವರ್ಷದ ಮಗಳು ಗಂಗಾಳ ತಲೆಯಲ್ಲಿ ಹುಳ ಬಿದ್ದವು. ಹೇನಿನ ಮಾತಲ್ಲ. ನೊಣದ ಹುಳ. ಜೀವಂತ ಮಗುವಿನ ತಲೆಯ ಮಾಂಸವನ್ನು ಅವು ತಿನ್ನುತ್ತಿದ್ದವು. ಆ ಹುಳಗಳಿಗೆ ಬಾಗಿಲು ತೆರೆದುಕೊಟ್ಟವನು ನಾನೇ.

ನಾನು ಹಾವೇರಿ ಕಡೆಯವನು. ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್. ವಿಶಾಖಪಟ್ಟಣದ ಗಾಜುವಾಕದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಹದಿನೈದು ವರ್ಷವಾಯಿತು. ಹೆಂಡತಿ ಪದ್ಮ ವಿಜಯವಾಡದ ತೆಲುಗಿನವಳು. ಕನ್ನಡವನ್ನು ನನ್ನ ಅವ್ವನಿಂದಲೇ ಕಲಿತದ್ದರಿಂದ ಅವಳ ಬಾಯಲ್ಲಿ ನಮ್ಮ ಊರಿನ ಮಾತೇ ಬರುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಕೈಯೂ ಮುಂದು. ಕಾರ್ಖಾನೆಯಲ್ಲಿ ಒಮ್ಮೆ ಜೊತೆಗಾರನ ಮೇಲೆ ಸ್ಪ್ಯಾನರ್ ಎಸೆದು ಸಸ್ಪೆಂಡ್ ಆಗಿದ್ದೆ. ಮನೆಯಲ್ಲಿ ಸಸ್ಪೆಂಡ್ ಮಾಡುವವರು ಯಾರೂ ಇರಲಿಲ್ಲ.

ಮಗುವಿನ ಹುಟ್ಟುಗೂದಲನ್ನು ಮನೆದೇವರ ಮುಂದೆಯೇ ತೆಗೆಸಬೇಕು, ಅಲ್ಲಿಯ ತನಕ ಕತ್ತರಿ ತಾಗಿಸಬಾರದು ಎಂಬ ಪದ್ಧತಿ ನಿಮಗೆಲ್ಲ ಗೊತ್ತೇ ಇದೆ. ಗಂಗಾ ಹುಟ್ಟಿದಾಗ ನನ್ನ ಅವ್ವ ದೇವರಗುಡ್ಡದ ಮೈಲಾರನಿಗೆ ಜವಳದ ಹರಕೆ ಹೊತ್ತಳು. ಅತ್ತ ವಿಜಯವಾಡದಲ್ಲಿ ಪದ್ಮಳ ತಾಯಿ, ಮಗಳ ಹೆರಿಗೆ ಕಷ್ಟವಾದಾಗ ಬೆಟ್ಟದ ಮೇಲಿನ ದುರ್ಗಮ್ಮನಿಗೆ ಅದೇ ಕೂದಲನ್ನು ಹರಕೆ ಹೊತ್ತುಬಿಟ್ಟಿದ್ದರು. ಇದ್ದದ್ದು ಒಂದೇ ತಲೆ. ಒಂದನೇ ವರ್ಷ ಕಳೆಯಿತು, ಮೂರು ಕಳೆಯಿತು, ಐದೂ ಕಳೆಯಿತು. ಅವ್ವನೂ ಬಿಡಲಿಲ್ಲ, ಅತ್ತೆಯೂ ಬಿಡಲಿಲ್ಲ. ಅವರಿಬ್ಬರಿಗಿಂತ ಹೆಚ್ಚಾಗಿ ನಾನು ಬಿಡಲಿಲ್ಲ. ಮಗಳ ಕೂದಲು ಸೊಂಟ ದಾಟಿತು. ತಲೆಸ್ನಾನದ ದಿನ ಒಣಗಿಸಲು ಮಧ್ಯಾಹ್ನವೆಲ್ಲ ಹಿಡಿಯುತ್ತಿತ್ತು. ಭಾರಕ್ಕೆ ಕತ್ತು ನೋಯುತ್ತದೆ ಎಂದು ಮಗು ಅಳುತ್ತಿತ್ತು. ದೇವರ ಕೂದಲು, ಸುಮ್ಮನಿರು ಎಂದು ಗದರಿಸುತ್ತಿದ್ದೆ.

ಆ ಭಾನುವಾರ ಊಟಕ್ಕೆ ಕೂತಿದ್ದಾಗ ಅವ್ವನ ಫೋನ್ ಬಂತು. ದಸರಾಕ್ಕಾದರೂ ದೇವರಗುಡ್ಡಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಿದಳು. ಬಂದೇ ಬರುತ್ತೇವೆ ಎಂದೆ. ಪದ್ಮ ಅನ್ನ ಬಡಿಸುತ್ತಿದ್ದವಳು ಕೈ ತಡೆದಳು.

“ನನ್ನ ಒಂದ ಮಾತ ಕೇಳೂದಿಲ್ಲೇನ್ರೀ? ನಮ್ಮ ಅಮ್ಮಗೇನು ಹೇಳ್ಲಿ?”

“ನಿಮ್ಮ ಅಮ್ಮನ ಮಾತು ಈ ಮನ್ಯಾಗ ಎತ್ತಬ್ಯಾಡ.”

“ಎತ್ತತೀನಿ. ಹೆತ್ತಾಕಿ ನಾನು. ಕೂದಲಾ ನನ್ನ ಮಗಳದು.”

ನೀರು ತುಂಬಿದ್ದ ಹಿತ್ತಾಳೆ ತಂಬಿಗೆ ನನ್ನ ಪಕ್ಕದಲ್ಲೇ ಇತ್ತು. ಅದನ್ನು ಎತ್ತಿ ಎಸೆದೆ. ಗೋಡೆಗೆ ಎಸೆದದ್ದು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು, ಹೆಂಡತಿಗೆ ಎಸೆದದ್ದು. ಅವಳು ಬಗ್ಗಿದಳು. ಹಿಂದೆ ಬಾಗಿಲ ಹತ್ತಿರ ಗೊಂಬೆ ಹಿಡಿದುಕೊಂಡು ನಮಗೆ ಬೆನ್ನು ಹಾಕಿ ಕೂತಿದ್ದ ಗಂಗಾಳ ತಲೆಗೆ ತಂಬಿಗೆಯ ಅಂಚು ಬಡಿಯಿತು. ಮಗು ಮೊದಲು ಅಳಲೇ ಇಲ್ಲ. ತಲೆ ಮುಟ್ಟಿ ನೋಡಿಕೊಂಡು, ಕೈಯಲ್ಲಿ ರಕ್ತ ಕಂಡ ಮೇಲೆ ಚೀರಿದಳು.

ಕಾರ್ಖಾನೆಯ ಆಸ್ಪತ್ರೆ ನಮ್ಮ ಮನೆಗೆ ದೂರವೇನಲ್ಲ. ಪದ್ಮ ಹೋಗೋಣ ಎಂದಳು. ನಾನು ಬೇಡ ಎಂದೆ. ಹೇಗಾಯಿತು ಎಂದು ಕೇಳುತ್ತಾರೆ ಎಂಬುದು ಒಂದು ಭಯ. ಹೊಲಿಗೆ ಹಾಕಲು ಕೂದಲು ತೆಗೆಯುತ್ತಾರೆ ಎಂಬುದು ಇನ್ನೊಂದು. ದೇವರ ಜಗಲಿಯಿಂದ ಮೈಲಾರನ ಭಂಡಾರ ತಂದು, ಆ ಅರಿಶಿನದ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಗಾಯಕ್ಕೆ ತುಂಬಿದೆ. ಮೇಲೆ ಕೂದಲು ಎಳೆದು ಬಿಗಿಯಾಗಿ ಜಡೆ ಹಾಕಿಸಿದೆ. ಗಾಯ ಮುಚ್ಚಿಹೋಯಿತು. ಕಣ್ಣಿಗೆ ಕಾಣದ್ದು ಮಾಸುತ್ತದೆ ಎಂದುಕೊಂಡೆ. ನಮ್ಮ ಮನೆಯ ಹಿಂದೆ ಮೀನಿನ ಅಂಗಡಿ, ಮಳೆಗಾಲ ಬೇರೆ, ನೊಣಗಳಿಗೆ ಅಲ್ಲಿ ಬರವಿರಲಿಲ್ಲ.

ಬುಧವಾರ ಪದ್ಮ ಮಗಳನ್ನು ಕರೆದುಕೊಂಡು ವರಮಹಾಲಕ್ಷ್ಮಿ ವ್ರತಕ್ಕೆಂದು ವಿಜಯವಾಡಕ್ಕೆ ಹೋದಳು. ಹೊರಡುವಾಗ ನನ್ನ ಮುಖ ನೋಡಲಿಲ್ಲ. ತಲೆ ಒಳಗೆ ಗುಳುಗುಳು ಅನ್ನುತ್ತದೆ ಎಂದು ಗಂಗಾ ಹೇಳಿದಳು. ಗಾಯ ಮಾಯುವಾಗ ಹಾಗೇ ತುರಿಕೆ ಎಂದು ನಾನೇ ವೈದ್ಯನಂತೆ ಹೇಳಿ ರೈಲು ಹತ್ತಿಸಿದೆ.

ಶನಿವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಪದ್ಮಳ ಫೋನ್ ಬಂತು. ಅವಳ ಮಾತಿಗಿಂತ ಮೊದಲು ಹಿಂದಿನಿಂದ ಮಗುವಿನ ಕೂಗು ಕೇಳಿಸಿತು. ಅದು ನನ್ನ ಮಗಳ ದನಿ ಎಂದು ನನಗೆ ಗೊತ್ತೇ ಆಗಲಿಲ್ಲ.

“ರೀ, ತಲಿ ಗ್ವಾಡಿಗೆ ಜಜ್ಜಿಕೊಳ್ಳಾಕತ್ತಾಳ. ಜ್ವರ ಬಂದೈತಿ. ವಾಸನಿ ಅಂದ್ರ ವಾಸನಿ. ಅಮ್ಮ ಜಡಿ ಬಿಚ್ಚಿದ್ಲು. ಹುಳ ರೀ... ಚಾಪಿ ಮ್ಯಾಲೆ ಹುಳ ಬಿದ್ದೂವು.”

ಆಸ್ಪತ್ರೆಗೆ ಬಂದಿದ್ದೇವೆ, ಡಾಕ್ಟರಮ್ಮ ತಲೆ ಬೋಳಿಸಬೇಕು ಅನ್ನುತ್ತಿದ್ದಾರೆ, ಕೂದಲು ಇದ್ದರೆ ಗಾಯ ಎಲ್ಲಿಯ ತನಕ ಹೋಗಿದೆ ಎಂದು ಕಾಣುವುದಿಲ್ಲವಂತೆ ಎಂದಳು ಪದ್ಮ. ಅಷ್ಟು ಕೇಳಿದ್ದೇ ನನ್ನ ತಲೆ ಕೆಟ್ಟಿತು. ವಿಜಯವಾಡದಲ್ಲಿ, ಅತ್ತೆಯ ಕಣ್ಣೆದುರು, ದುರ್ಗಮ್ಮನ ಬೆಟ್ಟದ ಬುಡದಲ್ಲಿ ನನ್ನ ಮಗಳ ಕೂದಲು ತೆಗೆಯುವುದು! ಇದೆಲ್ಲ ಅತ್ತೆಯ ಆಟ ಎಂದು ನನಗೆ ಅನ್ನಿಸಿತು. ಓದುತ್ತಿರುವ ನಿಮಗೆ ನನ್ನ ಮೇಲೆ ಅಸಹ್ಯ ಬರಬಹುದು. ಬರಲಿ, ನನಗೂ ಬಂದಿದೆ.

“ನಾ ಬರೂ ತನಕ ಕತ್ತರಿ ತಾಗಬಾರ್ದು. ಹುಳಾ ತಗೀಲಿ, ಕೂದಲಾ ಮುಟ್ಟಬಾರ್ದು. ಮುಟ್ಟಿದೋರ ಕೈ ಕಡೀತೀನಿ. ನಿಮ್ಮ ಅಮ್ಮಗ ಹೇಳು.”

ಪದ್ಮ ಆಯಿತು ಎಂದಳು. ನನಗೆ ಹೆದರಿ ಹಾಗೆಂದಳು.

ದುವ್ವಾಡ ಸ್ಟೇಷನ್ನಿನಲ್ಲಿ ಹತ್ತು ಗಂಟೆಯ ರೈಲು ಹಿಡಿದೆ. ಸರಿಯಾಗಿ ಹೋದರೆ ಸಂಜೆ ಐದಕ್ಕೆ ವಿಜಯವಾಡ. ತುನಿ ದಾಟಿದ ಮೇಲೆ ರೈಲು ನಿಂತಿತು. ಮುಂದೆ ಹಳಿಯ ಮೇಲೆ ನೀರು ಬಂದಿದೆ ಎಂದರು. ಒಂದು ಗಂಟೆಯಾಯಿತು, ಎರಡಾಯಿತು. ಎರಡೂ ಕಡೆ ಕೆಂಪು ನೀರು ತುಂಬಿದ ಗದ್ದೆ, ಇಳಿದು ಹೋಗಲು ರಸ್ತೆಯೂ ಇಲ್ಲ. ಫೋನಿನಲ್ಲಿ ಸಿಗ್ನಲ್ ಇಲ್ಲ. ಎದುರಿಗೆ ಕೂತಿದ್ದ ಒಬ್ಬ ಪೆದ್ದಾಯನ, ಅಂದರೆ ವಯಸ್ಸಾದ ಮನುಷ್ಯ, ಸೀಬೆಕಾಯಿ ಕತ್ತರಿಸುತ್ತಾ ನನ್ನ ಮುಖ ನೋಡಿ, “ಕಂಗಾರು ಪಡಕಂಡಿ ಬಾಬು, ದೇವುಡುನ್ನಾಡು” ಎಂದ. ಗಾಬರಿಯಾಗಬೇಡ, ದೇವರಿದ್ದಾನೆ ಎಂದಷ್ಟೇ ಆತ ಹೇಳಿದ್ದು. ಅವನ ಕೆನ್ನೆಗೆ ಬಾರಿಸಿದೆ. ಸೀಬೆಕಾಯಿ ಹೋಳುಗಳು ಬೋಗಿಯ ತುಂಬ ಚೆಲ್ಲಿದವು. ಅವನ ಅಳಿಯನೂ ಇನ್ನಿಬ್ಬರೂ ಎದ್ದು ಬಂದು ನನ್ನನ್ನು ಚೆನ್ನಾಗಿ ತದುಕಿದರು. ತುಟಿ ಒಡೆಯಿತು, ಅಂಗಿ ಹರಿಯಿತು. ಎಳೆದುಕೊಂಡು ಹೋಗಿ ಕಕ್ಕಸಿನ ಬಾಗಿಲ ಹತ್ತಿರ ಕೆಡವಿದರು. ಯಾರೂ ಬಿಡಿಸಲು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಅಲ್ಲೇ ಕೂತು ಮೈಲಾರನನ್ನು ಕರೆದೆ. ಭಕ್ತಿಯಿಂದಲ್ಲ, ಜಗಳಕ್ಕೆ ನಿಂತವನ ಹಾಗೆ ಕರೆದೆ.

“ಮೈಲಾರಪ್ಪಾ, ನನ್ನ ಮಗಳನ್ನ ಉಳಿಸು. ನಾ ಹೋಗೂ ತನಕ ನಿನ್ನ ಕೂದಲಾನೂ ಉಳಿಸು. ಎರಡೂ ಆಗಬೇಕು. ಒಂದ ಆಗಿ ಒಂದ ಆಗದಿದ್ರ ನಿನ್ನ ಫೋಟೋ ತಗದು ಗೋದಾವರಿಗೆ ಒಗೀತೀನಿ, ನೋಡು.”

ಇದು ನನ್ನ ಪ್ರಾರ್ಥನೆ. ಇದೇ ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ರೈಲು ಕದಲಲಿಲ್ಲ. ಸಂಜೆ ಐದು ಗಂಟೆ ಕಳೆಯಿತು, ಆರು ಕಳೆಯಿತು. ನೀನೂ ಅತ್ತೆಯ ಕಡೆಯೇ ಎಂದು ದೇವರನ್ನು ಬಾಯಿಗೆ ಬಂದಂತೆ ಬೈದೆ. ಕೊನೆಗೆ ನಾನು ವಿಜಯವಾಡದಲ್ಲಿ ಇಳಿದದ್ದು ಭಾನುವಾರ ಬೆಳಕು ಹರಿದ ಮೇಲೆ.

ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿ ತಡೆದ ವಾರ್ಡಿನವನ ಕೊರಳಪಟ್ಟಿ ಹಿಡಿದು ತಳ್ಳಿ ಒಳಗೆ ನುಗ್ಗಿದೆ. ಮಕ್ಕಳ ವಾರ್ಡಿನ ಕೊನೆಯ ಮಂಚದಲ್ಲಿ ನನ್ನ ಮಗಳು ಮಲಗಿದ್ದಳು. ತಲೆ ಬೋಳಾಗಿತ್ತು. ಹಿಂದೆ ಕಿವಿಯಿಂದ ಕಿವಿಗೆ ಬ್ಯಾಂಡೇಜು. ಮಂಚದ ಪಕ್ಕ ಅತ್ತೆ ನಿಂತಿದ್ದರು. ವ್ರತಕ್ಕೆ ಉಟ್ಟ ರೇಷ್ಮೆ ಸೀರೆಯೇ ಇನ್ನೂ ಮೈಮೇಲಿತ್ತು, ಮಾಸಿಹೋಗಿತ್ತು.

“ಯಾರು ತಗದೋರು?” ಎಂದು ಕೂಗಿದೆ. ಇಡೀ ವಾರ್ಡು ತಿರುಗಿ ನೋಡಿತು.

“ನೇನೇ” ಎಂದರು ಅತ್ತೆ. ನಾನೇ.

ಕೈ ಎತ್ತಿದೆ. ಹೆತ್ತ ತಾಯಿಯ ವಯಸ್ಸಿನವರ ಮೇಲೆ ಕೈ ಎತ್ತಿದೆ. ಅವರು ಹಿಂದೆ ಸರಿಯಲಿಲ್ಲ. ಹತ್ತು ವರ್ಷದಲ್ಲಿ ನನ್ನ ಎದುರು ದನಿ ಏರಿಸದ ಹೆಂಗಸು, ಆಗಲೂ ಏರಿಸಲಿಲ್ಲ.

“ಮುಂದು ಪಿಲ್ಲನಿ ಚೂಡಂಡಿ. ತರುವಾತ ನನ್ನು ಕೊಟ್ಟಂಡಿ.”

ಮೊದಲು ಮಗುವನ್ನು ನೋಡಿ, ಆಮೇಲೆ ನನ್ನನ್ನು ಹೊಡೆಯಿರಿ ಎಂದರು. ಅಳಿಯನಿಗೆ ಕೊಡುವ ಮರ್ಯಾದೆಯನ್ನು ಆ ಹೊತ್ತಿನಲ್ಲೂ ಬಿಡಲಿಲ್ಲ. ಆಮೇಲೆ ತೆಲುಗಿನಲ್ಲೇ ಇನ್ನಷ್ಟು ಹೇಳಿದರು. ನಿಮಗಾಗಿ ಐದು ಗಂಟೆಯ ತನಕ ಕಾದೆವು. ಕೂದಲ ಮೇಲಿಂದಲೇ ಔಷಧ ಹಾಕಿಸಿದೆವು. ಹುಳ ಒಳಗೊಳಗೇ ಹೋಗುತ್ತಿವೆ ಎಂದರು ಡಾಕ್ಟರಮ್ಮ. ಆರು ಗಂಟೆಗೆ ನರ್ಸಿನ ಕೈಯಿಂದ ಕತ್ತರಿ ಇಸಿದುಕೊಂಡು ನಾನೇ ತೆಗೆದೆ, ಪಾಪ ಬಂದರೆ ನನ್ನ ತಲೆಗೇ ಬರಲಿ ಎಂದು. ಕೂದಲನ್ನು ಬೆಟ್ಟಕ್ಕೆ ಕಳಿಸಿಲ್ಲ. ಹಾಗೆ ಮಾಡಿದರೆ ಕದ್ದೆ ಎನ್ನುತ್ತೀರಿ. ಅದರ ತುಂಬ ಹುಳವಿತ್ತು, ಆಸ್ಪತ್ರೆಯವರು ಹುಳದ ಜೊತೆಗೇ ಸುಟ್ಟರು. ನಿಮ್ಮ ದೇವರಿಗೂ ಇಲ್ಲ, ನಮ್ಮ ಅಮ್ಮನವರಿಗೂ ಇಲ್ಲ.

ಎತ್ತಿದ ಕೈಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಆರು ವರ್ಷ ಆ ಕೂದಲಿಗಾಗಿ ನನ್ನ ಜೊತೆ ಹಟ ಹಿಡಿದ ಹೆಂಗಸು ಒಂದು ಸಂಜೆಯಲ್ಲಿ ಅದನ್ನು ಬೆಂಕಿಗೆ ಕೊಟ್ಟಿದ್ದರು. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಹಿಂದಿನ ಸಂಜೆ ತೆಗೆದು ಉಳಿದ ಹುಳಗಳನ್ನು ಬೆಳಿಗ್ಗೆ ತೆಗೆಯಬೇಕಿತ್ತು. ನನ್ನ ಒಡೆದ ತುಟಿ, ಹರಿದ ಅಂಗಿ ನೋಡಿ, ತಂದೆಯಾ ಎಂದು ಕೇಳಿ, “ತಲೆ ಹಿಡಿದುಕೊಳ್ಳಿ, ಅಲುಗಬಾರದು” ಎಂದರು. ಬ್ಯಾಂಡೇಜು ಬಿಚ್ಚಿದರು. ಹಿಂಬದಿಯಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ಗುಂಡಿ. ಅಂಚೆಲ್ಲ ಹಳದಿ. ನಾನು ತುಂಬಿದ್ದ ಭಂಡಾರ ಇನ್ನೂ ಅಂಟಿಕೊಂಡಿತ್ತು. ಗುಂಡಿಯ ತಳದಲ್ಲಿ ಅನ್ನದ ಅಗುಳಿನಂಥವು ಒತ್ತೊತ್ತಾಗಿ ಮಿಸುಕಾಡುತ್ತಿದ್ದವು.

ತೆರೆದ ಗಾಯದ ಮೇಲೆ ನೊಣ ಕೂತು ಮೊಟ್ಟೆ ಇಡುತ್ತದೆ, ದಿನದೊಳಗೆ ಮರಿಯಾಗುತ್ತದೆ, ಆಮೇಲೆ ಅವಕ್ಕೆ ಮಾಂಸವೇ ಊಟ ಎಂದು ಡಾಕ್ಟರಮ್ಮ ಕೆಲಸ ಮಾಡುತ್ತಲೇ ಹೇಳಿದರು. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಪಟ್ಟಿಯನ್ನು ಗುಂಡಿಯೊಳಗೆ ತುರುಕಿ ಸ್ವಲ್ಪ ಹೊತ್ತು ಬಿಟ್ಟರು. ಉಸಿರು ಕಟ್ಟಿದ ಹುಳಗಳು ಮೇಲೆ ಬಂದವು. ಚಿಮಟದಿಂದ ಒಂದೊಂದನ್ನೇ ಹಿಡಿದು ಎಳೆದರು. ಅವು ಹಿಡಿತ ಬಿಡುತ್ತಿರಲಿಲ್ಲ. ಎಳೆದಾಗಲೆಲ್ಲ ರಕ್ತ ಬರುತ್ತಿತ್ತು. ತಟ್ಟೆಗೆ ಹಾಕಿದವು ಅಲ್ಲೂ ಹೊರಳಾಡುತ್ತಿದ್ದವು. ಕಾಲು ಪದ್ಮ ಹಿಡಿದಿದ್ದಳು, ಕೈ ಅತ್ತೆ. ಮರಗಟ್ಟಲು ಚುಚ್ಚಿದ್ದ ಇಂಜೆಕ್ಷನ್ ಆ ನೋವಿಗೆ ಏನೂ ಸಾಲಲಿಲ್ಲ. ಮಗು ಗಂಟಲು ಹರಿಯುವಂತೆ ಕೂಗಿ, ಕೂಗಲಾರದೆ, ನನ್ನ ಮುಂಗೈಗೆ ಹಲ್ಲು ಹಾಕಿದಳು. ರಕ್ತ ಬಂತು. ಇನ್ನೂ ಜೋರಾಗಿ ಕಚ್ಚು ಮಗಳೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಎಣಿಸುತ್ತಿದ್ದ ನರ್ಸು ಅರವತ್ತಕ್ಕೆ ಎಣಿಕೆ ಬಿಟ್ಟಳು.

ನಡುವೆ ಒಮ್ಮೆ ಹಿಡಿತ ಸರಿಮಾಡಿಕೊಳ್ಳಲು ಕೈ ಎತ್ತಿದೆ. ಗಂಗಾ ಅತ್ತೆಯ ಹಿಡಿತದಿಂದ ಎರಡೂ ಕೈ ಕಿತ್ತುಕೊಂಡು ಮುಖ ಮುಚ್ಚಿಕೊಂಡಳು. ಡಾಕ್ಟರಮ್ಮ ಅದನ್ನು ನೋಡಿದರು. ಚಿಮಟ ನಿಲ್ಲಿಸಿ ಮಗುವನ್ನೇ ಕೇಳಿದರು, ಏಟು ಹೇಗೆ ಬಿತ್ತಮ್ಮಾ ಎಂದು.

“ಬಾತ್ರೂಮುಲೋ ಜಾರಿ ಪಡ್ಡಾನು” ಎಂದಳು ನನ್ನ ಮಗಳು.

ಬಚ್ಚಲಲ್ಲಿ ಜಾರಿ ಬಿದ್ದೆ. ಆ ಸ್ಥಿತಿಯಲ್ಲಿ, ಆ ನೋವಿನಲ್ಲಿ, ನನಗಾಗಿ ಸುಳ್ಳು ಹೇಳಿದಳು. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಎದೆ ಒಡೆದದ್ದು ಹುಳ ನೋಡಿ ಅಲ್ಲ, ಆ ಮಾತು ಕೇಳಿ.

“ಇಲ್ಲಮ್ಮಾ, ಅದು ಸುಳ್ಳು. ನಾನು ಎಸೆದ ತಂಬಿಗೆ ಬಡಿದದ್ದು. ಹೆಂಡತಿಗೆ ಎಸೆದೆ, ಇವಳಿಗೆ ಬಡೀತು. ನಾನೇ ಆಸ್ಪತ್ರೆಗೆ ಕರೆದೊಯ್ಯಲಿಲ್ಲ” ಎಂದು ಬರುವ ತೆಲುಗಿನಲ್ಲಿ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. “ತಲೆ ನೇರವಾಗಿ ಹಿಡಿಯಿರಿ” ಎಂದರು, ಅಷ್ಟೇ. ಮುಗಿದ ಮೇಲೆ ಎಲ್ಲವನ್ನೂ ಬರೆದುಕೊಂಡು ಪೊಲೀಸರಿಗೆ ಹೇಳಿ ಕಳಿಸಿದರು. ಹೆಡ್ ಕಾನ್ಸ್‌ಟೇಬಲ್ ಬಂದು ಕೇಳಿದಾಗ ಮತ್ತೆ ಹೇಳಿದೆ, ಕರೆದಾಗ ಠಾಣೆಗೆ ಬರುತ್ತೇನೆಂದು ಬರೆದುಕೊಟ್ಟೆ. ನಿಜವೇನಮ್ಮಾ ಎಂದು ಅವನು ಪದ್ಮಳನ್ನು ಕೇಳಿದ. ಅವಳು ಅವನಿಗೆ ಹೌದೆಂದು ತಲೆಯಾಡಿಸಿ, ನನ್ನ ಕಡೆ ತಿರುಗಿ, “ಮದುವಿಯಾದ ಮ್ಯಾಲೆ ನೀವು ಖರೇ ಹೇಳಿದ್ದು ಇದ ಮೊದಲು” ಎಂದಳು.

ಮಧ್ಯಾಹ್ನ ಡಾಕ್ಟರಮ್ಮ ನನ್ನನ್ನು ಕರೆದು ಕೂರಿಸಿ ಹೇಳಿದರು. ಹುಳಗಳು ತಲೆಬುರುಡೆಯ ಮೇಲಿನ ಪೊರೆಯ ತನಕ ಹೋಗಿದ್ದವು. ಮೂಳೆಗೆ ಇನ್ನೂ ಏನೂ ಆಗಿಲ್ಲ. ನಿನ್ನೆ ಸಂಜೆ ನಿಮ್ಮ ಅತ್ತೆ ಕೂದಲು ತೆಗೆಯದಿದ್ದರೆ, ಇವತ್ತು ಬೆಳಿಗ್ಗೆ ನಾನು ಏನು ಹೇಳಬೇಕಾಗುತ್ತಿತ್ತೋ ಗೊತ್ತಿಲ್ಲ. ಹುಳಕ್ಕೆ ಮಾತ್ರೆ ಕೊಟ್ಟಿದ್ದೇವೆ, ಧನುರ್ವಾಯು ಇಂಜೆಕ್ಷನ್ ಆಗಿದೆ, ಇನ್ನು ದಿನಾ ಡ್ರೆಸ್ಸಿಂಗ್ ಆಗಬೇಕು. ಮಗು ಉಳಿಯಿತು.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ನನಗೆ ಅರ್ಥವಾಯಿತು. ರೈಲು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಐದು ಗಂಟೆಗೆ ನಾನು ಅಲ್ಲಿರುತ್ತಿದ್ದೆ. ಆರು ಗಂಟೆಗೆ ಅತ್ತೆ ಕತ್ತರಿ ಹಿಡಿದಾಗ ಅವರ ಕೈ ತಿರುವುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ, ನನ್ನನ್ನು ನಾನು ಬಲ್ಲೆ. ತುನಿಯ ಆಚೆ ನೀರು ನಿಲ್ಲಿಸಿ ನನ್ನನ್ನು ತಡೆದವನು ಅವನೇ. ಎರಡು ಕೇಳಿದ್ದೆ. ಒಂದನ್ನು ಕೊಡಬೇಕಾದರೆ ಇನ್ನೊಂದನ್ನು ಕೊಡಬಾರದು ಎಂದು ಅವನಿಗೆ ಗೊತ್ತಿತ್ತು. ನಾನು ಬೈಯುತ್ತಿದ್ದ ಹೊತ್ತಿನಲ್ಲೇ ಅವನು ನನ್ನ ಮಗಳನ್ನು ಉಳಿಸುತ್ತಿದ್ದ. ಅಲ್ಲೇ ನೆಲದ ಮೇಲೆ ಉದ್ದಕ್ಕೆ ಬಿದ್ದು ಗೋಳಾಡಿದೆ. ಜನ ನೋಡಿದರು, ನೋಡಲಿ ಎಂದು ಬಿಟ್ಟೆ.

ಸಂಜೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಂಬಿಗೆಯ ಮಾತನ್ನೂ ಹೇಳಿದೆ. “ಬೀಗತಿಗೆ ಫೋನ್ ಕೊಡು” ಎಂದಳು. ಒಬ್ಬರಿಗೆ ತೆಲುಗು ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ಇಬ್ಬರೂ ಫೋನಿನಲ್ಲಿ ಅತ್ತರು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಹತ್ತನೇ ದಿನ ಮನೆಗೆ ಕಳಿಸಿದಾಗ ಪದ್ಮ, “ನಾವು ಇಲ್ಲೇ ಇರತೀವಿ. ನೀವು ಹೋಗ್ರಿ. ಆ ಕೈ ಸುಮ್ಮನಾದ ಮ್ಯಾಲೆ ನೋಡೂಣು” ಎಂದಳು. ಹಳೆಯ ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ನಿಮಗೆ ಗೊತ್ತು. ಮಾತಾಡದೆ ರೈಲು ಹತ್ತಿದೆ. ಆಮೇಲೆ ರಜೆ ಸಿಕ್ಕ ವಾರವೆಲ್ಲ ವಿಜಯವಾಡಕ್ಕೆ ಹೋದೆ. ಗಂಗಾ ನನ್ನನ್ನು ಕಂಡರೆ ಅಜ್ಜಿಯ ಸೆರಗಿನ ಹಿಂದೆ ಹೋಗುತ್ತಿದ್ದಳು. ನಾನು ಜಗಲಿಯ ಮೇಲೆ ಕೂತು, ಕೊಟ್ಟದ್ದು ತಿಂದು, ಸಂಜೆಗೆ ತಿರುಗಿ ಬರುತ್ತಿದ್ದೆ. ಗಾಜುವಾಕದ ಮನೆಯಲ್ಲಿ ದಿನಾ ಮೈಲಾರನ ಮುಂದೆ ನಿಂತು ಒಂದೇ ಮಾತು ಕೇಳುತ್ತಿದ್ದೆ. ಈ ಸಲ ಬೆದರಿಸಲಿಲ್ಲ, ಗಡುವು ಕೊಡಲಿಲ್ಲ. ಮಗಳು ನನಗೆ ಹೆದರದ ಹಾಗೆ ಮಾಡಪ್ಪಾ ಎಂದಷ್ಟೇ ಕೇಳಿದೆ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ. ಗಾಯ ಹೆಚ್ಚುಕಡಿಮೆ ತುಂಬಿತ್ತು, ಮುಲಾಮು ಹಚ್ಚಿ ಸಣ್ಣ ಪಟ್ಟಿ ಅಂಟಿಸುವುದಷ್ಟೇ ಉಳಿದಿತ್ತು. ಅತ್ತೆ ಒಳಗೆ ಅಡುಗೆಯಲ್ಲಿದ್ದರು. ಗಂಗಾ ಮುಲಾಮಿನ ಟ್ಯೂಬು ಹಿಡಿದುಕೊಂಡು ಜಗಲಿಗೆ ಬಂದಳು. ಸ್ವಲ್ಪ ಹೊತ್ತು ನಿಂತಳು. ಆಮೇಲೆ ಟ್ಯೂಬನ್ನು ನನ್ನ ಪಕ್ಕದಲ್ಲಿ ಇಟ್ಟು, ನನಗೆ ಬೆನ್ನು ಹಾಕಿ ಕೂತು, ತಲೆ ಬಗ್ಗಿಸಿದಳು.

“ಅಪ್ಪಾ, ಮೆಲ್ಲಗ” ಎಂದಳು.

ಮೆಲ್ಲಗೆ ಹಚ್ಚಿದೆ. ಕಬ್ಬಿಣ ಬಡಿದು ಬಡಿದು ಬಂದ ಈ ಕೈಗೆ ಮೆಲ್ಲಗೆ ಎಂಬುದು ಅವತ್ತಿನ ತನಕ ಗೊತ್ತಿರಲಿಲ್ಲ. ಅದನ್ನು ಕಲಿಸಿದವನು ನನ್ನ ಮೈಲಾರಲಿಂಗ. ಅವನಿಗೆ ನಾನು ಕೂದಲು ಕೊಡಲಿಲ್ಲ, ಅವನೂ ಇವತ್ತಿನ ತನಕ ಕೇಳಿಲ್ಲ. ಮಗಳು ಅಲುಗದೆ ಕೂತಿದ್ದಳು.